ಗುಂಡಗಡಗಿಯೊಳಗಿನ ಗಜ್ಜುಗ

ಕ್ರೂಸರ್ ಗಾಡಿ ಮೂಡಲಗಿ ಬಿಟ್ಟು ಅರಭಾವಿ ದಾಟುವಷ್ಟರಲ್ಲಿ ಕಾಶಿನಾಥ ತನ್ನ ಎದೆಯ ಮೇಲಿನ ಬೆಳ್ಳಿಯ ಗುಂಡಗಡಗಿಯನ್ನು ಹದಿನಾಲ್ಕು ಸಲ ಮುಟ್ಟಿ ನೋಡಿಕೊಂಡಿದ್ದ. ಹದಿನಾಲ್ಕು ಎಂದು ಎಣಿಸಿದವಳು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಲಕ್ಷ್ಮೀ. “ಎದಿ ನೋಯ್ತೈತೇನ್ರಿ?” ಎಂದು ಕೇಳಿದಳು. ಇಲ್ಲ ಎಂದ. “ಮತ್ತ ಆವಾಗಿಂದ ಎದಿ ಹಿಡ್ಕೊಂಡ ಕುಂತೀರಲ್ಲ.” “ಭಕ್ತಿ” ಎಂದ. ಅವಳು ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸಿನ ಮುಖ ಮಾಡಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮೇ ತಿಂಗಳ ಬಿಸಿಲು ಎಂಟು ಗಂಟೆಗೇ ಕಬ್ಬಿನ ಹೊಲದ ಮೇಲೆ ಬಂದು ಕೂತಿತ್ತು, ಬೇಗ ಬಂದು ಊಟಕ್ಕೆ ಕಾಯುವ ಬೀಗರ ಹಾಗೆ. ಗುಂಡಗಡಗಿ ಎಂದರೆ ಲಿಂಗವಂತರು ಕೊರಳಿಗೆ ಕಟ್ಟಿಕೊಳ್ಳುವ, ನಿಂಬೆಹಣ್ಣಿನ ಗಾತ್ರದ ಡಬ್ಬಿ. ಅದರೊಳಗೆ ಇಷ್ಟಲಿಂಗ ಇರುತ್ತದೆ. ಗಾಡಿಯಲ್ಲಿದ್ದ ಎಲ್ಲರದರೊಳಗೂ ಇತ್ತು. ಕಾಶಿನಾಥನದರೊಳಗೆ ಮಾತ್ರ ಹನ್ನೊಂದು ವರ್ಷದಿಂದ ಒಂದು ಗಜ್ಜುಗ ಇತ್ತು. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು ಆಡುವ, ಮುಳ್ಳುಕಾಯಿಯೊಳಗಿನ ಆ ಬೂದುಬಣ್ಣದ ಗಟ್ಟಿ ಬೀಜ. ಅದನ್ನು ಅರಗಿನಲ್ಲಿ ಅದ್ದಿ, ಕಾಡಿಗೆ ಬಳಿದು, ನೆರಳಲ್ಲಿ ಒಣಗಿಸಿದವನು ಅವನೇ.

ಬೆಳಗಾವಿಯ ಆ ಲಾಡ್ಜಿನ ಬಚ್ಚಲಿನ ವಾಸನೆ ಈಗಲೂ, ಗಾಡಿಯ ಡೀಸೆಲ್ ವಾಸನೆಯ ಅಡಿಯಿಂದ, ಎದ್ದು ಬರುತ್ತಿತ್ತು. ಚುನಾವಣೆಯ ತರಬೇತಿಗೆ ಹೋಗಿದ್ದ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ನಿಂತು, ಎಡಗೈ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಬಲಗೈಯಿಂದ ನೀರು ಎರೆಯುತ್ತಿದ್ದಾಗ ಕಿಟಕಿಯಲ್ಲಿಟ್ಟ ಮೊಬೈಲು ಹೊಡೆದುಕೊಂಡಿತು. ಬಲಗೈಯಲ್ಲಿ ತಂಬಿಗೆ ಇತ್ತು. ಮನುಷ್ಯ ಅಂಥ ಹೊತ್ತಿನಲ್ಲಿ ಯಾವ ಕೈ ಖಾಲಿ ಇದೆ ಎಂದು ಯೋಚಿಸುವುದಿಲ್ಲ, ಯಾವ ಕೈ ಹತ್ತಿರ ಇದೆಯೋ ಅದನ್ನು ಚಾಚುತ್ತಾನೆ. ಎಡಗೈ ಚಾಚಿದ. ಲಿಂಗ ನೆಲಕ್ಕೆ ಬಿದ್ದು, ಎರಡು ಸಲ ಪುಟಿದು, ಯಾರೋ ಕರೆದ ಹಾಗೆ ನೇರವಾಗಿ ಮೋರಿಯ ಕಿಂಡಿಯೊಳಗೆ ಹೋಯಿತು. ಫೋನಿನಲ್ಲಿ ಒಬ್ಬ ಹುಡುಗಿ, ನಿಮಗೆ ಹೊಸ ಕಾಲರ್ ಟ್ಯೂನ್ ಬೇಕಾದರೆ ಒಂದನ್ನು ಒತ್ತಿ ಎಂದಳು. ಅವನು ಮೊಣಕೈಯ ತನಕ ಕೈ ಹಾಕಿದ. ಕೂದಲು ಸಿಕ್ಕಿತು, ಸಾಬೂನಿನ ಚೂರು ಸಿಕ್ಕಿತು, ಯಾರದೋ ಗುಂಡಿ ಸಿಕ್ಕಿತು. ಕೆಳಗೆ ಹೋಗಿ ಮ್ಯಾನೇಜರನಿಗೆ ಉಂಗುರ ಬಿದ್ದಿದೆ, ಪೈಪು ಬಿಚ್ಚಿಸಿರಿ ಎಂದ. “ಬಂಗಾರದ್ದೇನ್ರಿ?” ಎಂದು ಮ್ಯಾನೇಜರ ಕೇಳಿದ. ಅಲ್ಲ ಎಂದ. “ಮತ್ತ್ಯಾಕ್ರಿ?” ಎಂದು ಮ್ಯಾನೇಜರ ಪೇಪರ್ ಓದಲು ಹತ್ತಿದ. ಲಿಂಗ ಹೋದ ಮೇಲೆ ಅಂಗ ಇರಬಾರದು ಅಂತ ಅಜ್ಜಿ ಅಕ್ಕವ್ವ ಸಣ್ಣಂದಿನಲ್ಲಿ ಹೇಳುತ್ತಿದ್ದಳು. ಹಿಂದಿನ ಕಾಲದಲ್ಲಿ ಲಿಂಗ ಕಳೆದುಕೊಂಡವರು ಅನ್ನ-ನೀರು ಬಿಟ್ಟು ಪ್ರಾಣ ಬಿಡುತ್ತಿದ್ದರಂತೆ. ಕಾಶಿನಾಥನೂ ಬಿಡಬೇಕೆಂದೇ ಮಂಚದ ಮೇಲೆ ಕೂತ. ಹತ್ತೂವರೆಯ ತನಕ ತಡೆದ. ಹತ್ತೂವರೆಗೆ ಕೆಳಗಿನ ಹೋಟೆಲಿನಿಂದ ದೋಸೆಯ ವಾಸನೆ ಬಂತು. ಎರಡು ತಿಂದ. ತನ್ನ ಧರ್ಮದ ಅಳತೆ ಮೂರು ತಾಸು ಎಂದು ಅವತ್ತು ಗೊತ್ತಾದದ್ದು ಮತ್ತೆ ಯಾವತ್ತೂ ಮರೆಯಲಿಲ್ಲ.

ಅವತ್ತೇ ಹೇಳಿದ್ದರೆ ಒಂದು ದಿನದ ತಪ್ಪು ಆಗುತ್ತಿತ್ತು. ಎರಡನೆಯ ದಿನ ಹೇಳಬಹುದಿತ್ತು, ಆದರೆ ಆಗ ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಿತ್ತು. ತಿಂಗಳಾದ ಮೇಲೆ ಲಿಂಗ ಕಳೆದದ್ದು ಸಣ್ಣದಾಗಿ, ಮುಚ್ಚಿಟ್ಟದ್ದೇ ದೊಡ್ಡದಾಯಿತು. ಆಮೇಲೆ ಅವನು ಹಾಗೆ ಬಿಟ್ಟ, ಹಲ್ಲುನೋವು ಬಿಟ್ಟ ಹಾಗೆ, ಆ ಕಡೆಯಿಂದ ಅಗಿಯದೆ. ದಿನಾ ಬೆಳಿಗ್ಗೆ ದೇವರ ಕೋಣೆಯ ಬಾಗಿಲು ಹಾಕಿಕೊಂಡು ಗಜ್ಜುಗಕ್ಕೆ ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದ. ಗಜ್ಜುಗ ಬಹಳ ಶ್ರದ್ಧೆಯಿಂದ ಪೂಜೆ ಮಾಡಿಸಿಕೊಳ್ಳುತ್ತಿತ್ತು. ಮೊದಲನೆಯ ದಿನ ಬಟ್ಟಲ ನೀರಿನಲ್ಲಿ ಬಿಟ್ಟಾಗ ಅದು ತೇಲಿತು. ಅಂದಿನಿಂದ ಬಟ್ಟಲಿನಲ್ಲಿ ಇಡದೆ ಕೈಯಲ್ಲೇ ತೊಳೆಯುತ್ತಿದ್ದ. ಗೋಕಾಕದ ಕೋರ್ಟಿನಲ್ಲಿ ಅವನು ನಕಲು ಗುಮಾಸ್ತ. ದಿನಕ್ಕೆ ಇನ್ನೂರು ಕಾಗದದ ಮೇಲೆ ‘ನಿಜಪ್ರತಿ’ ಎಂಬ ಮುದ್ರೆ ಒತ್ತಿ ಸಹಿ ಮಾಡುತ್ತಿದ್ದ. ಮುದ್ರೆ ಒತ್ತಲು ಬಗ್ಗಿದಾಗಲೆಲ್ಲ ಗುಂಡಗಡಗಿ ಮೇಜಿಗೆ ಬಡಿದು ಟಕ್ ಎನ್ನುತ್ತಿತ್ತು. ಅದು ಕಲ್ಲಿನ ಸದ್ದಲ್ಲ ಎಂದು ಇಡೀ ಆಫೀಸಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಅವನೊಬ್ಬನಿಗೆ ಬಿಟ್ಟು.

ಈ ಹನ್ನೊಂದು ವರ್ಷವೂ ಅವನು ಬೇಸಿಗೆಯ ಈ ಪ್ರವಾಸವನ್ನು ತಪ್ಪಿಸಿಕೊಂಡಿದ್ದ. ಲಕ್ಷ್ಮೀಯ ದೊಡ್ಡವ್ವ ದ್ರಾಕ್ಷಾಯಿಣಿಬಾಯಿ ಹುಕ್ಕೇರಿ ತಾಲೂಕಿನ ಒಂದು ಹಳೆಯ ದೇಸಾಯರ ಮನೆತನದ ಸೊಸೆ. ಈಗ ಎಪ್ಪತ್ನಾಲ್ಕು ವರ್ಷದ ಒಡತಿ. ಕಣಗಲಾದಿಂದ ಒಳಗೆ ಆರು ಮೈಲಿ, ತೋಟದ ನಡುವೆ ವಾಡೆ, ವಾಡೆಯ ಹಿಂದೆ ಏಳು ಹುಣಸೆ ಮರ. ಪ್ರತಿ ಮೇ ತಿಂಗಳಲ್ಲಿ ಒಂದು ರವಿವಾರ ಬಳಗವೆಲ್ಲ ಕೂಡಿ ಆ ಮರಗಳ ಕೆಳಗೆ ಹೋಳಿಗೆ-ಸೀಕರಣೆ ಉಣ್ಣುವುದು. ಅಷ್ಟೇ ಆಗಿದ್ದರೆ ಅವನು ನಡೆದುಕೊಂಡಾದರೂ ಬರುತ್ತಿದ್ದ. ಆದರೆ ಆ ಮನೆಯ ಹಿರಿಯರು ಹಾಕಿದ ಒಂದು ಪದ್ಧತಿ ಇತ್ತು: ಎಡಗೈಗೆ ಲಿಂಗ ಬಂದ ಮೇಲೆಯೇ ಮುಂದಕ್ಕೆ ಎಲೆ. ಗಂಡಸರು ಹೆಂಗಸರು ಎಲ್ಲರೂ ಮರದ ಕೆಳಗೆ ಸಾಲಾಗಿ ಕುಳಿತು, ಡಬ್ಬಿ ಬಿಚ್ಚಿ, ಒಟ್ಟಿಗೆ ಪೂಜೆ ಮಾಡಿ, ಆಮೇಲೆ ಊಟ. ಕಾಶಿನಾಥ ನಾಲ್ಕು ವರ್ಷ ಕೋರ್ಟಿನ ಕೆಲಸ ಎಂದ. ಐದು ವರ್ಷ ಜ್ವರ. ಎರಡು ವರ್ಷ ದೂರದ ಒಬ್ಬ ಕಾಕಾ ತೀರಿಕೊಂಡರು ಎಂದ. ಎರಡನೆಯ ವರ್ಷ ಆ ಕಾಕಾ ಸ್ವತಃ ತೋಟಕ್ಕೆ ಬಂದು ಸೀಕರಣೆ ಉಂಡು, ಕಾಶಿನಾಥ ಯಾಕೆ ಬಂದಿಲ್ಲ ಎಂದು ವಿಚಾರಿಸಿದರಂತೆ. ಈ ವರ್ಷ ಲಕ್ಷ್ಮೀ ಹೇಳಿಬಿಟ್ಟಳು: “ನೀವು ಬರ್ಲಿಲ್ಲಂದ್ರ ನಾನೂ ಹೋಗೂದಿಲ್ಲ. ಪ್ರತಿವರ್ಷ ಒಬ್ಬಾಕಿನ ಹೋಗಿ, ಗಂಡ ಎಲ್ಲಿ ಅಂತ ಕೇಳಿದವ್ರಿಗೆಲ್ಲ ಸುಳ್ಳ ಹೇಳಿ ಸಾಕಾಗೇತಿ ನನಗ.” ‘ಸುಳ್ಳ ಹೇಳಿ’ ಎಂದಳು. ‘ಜ್ವರ ಅಂತ ಹೇಳಿ’ ಎನ್ನಲಿಲ್ಲ. ಆ ಮಾತನ್ನು ಅವನು ನಾಲ್ಕು ದಿನ ನಾಲಿಗೆಯಡಿ ಇಟ್ಟುಕೊಂಡು ಚಪ್ಪರಿಸಿದ್ದ, ರುಚಿ ಗೊತ್ತಾಗಿರಲಿಲ್ಲ.

ಹುಕ್ಕೇರಿಯಲ್ಲಿ ಡ್ರೈವರ್ ಮಾಲಿಂಗ ಚಹಾಕ್ಕೆ ನಿಲ್ಲಿಸಿದ. ಕಾಶಿನಾಥ ಇಳಿಯಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದು ಹೇಳುವುದೋ, ಉಪವಾಸ ಎಂದು ಹೇಳುವುದೋ, ಎರಡರಲ್ಲಿ ಯಾವುದಕ್ಕೆ ಪೂಜೆಯಿಂದ ಮಾಫಿ ಸಿಗುತ್ತದೆ ಎಂದು ಎಣಿಸುತ್ತ ಕೂತ. ಎರಡಕ್ಕೂ ಸಿಗುವುದಿಲ್ಲ. ಪೂಜೆ ಉಪವಾಸದವರೂ ಮಾಡುತ್ತಾರೆ, ಹೊಟ್ಟೆ ಕೆಟ್ಟವರೂ ಮಾಡುತ್ತಾರೆ. ಉಳಿದದ್ದು ಒಂದೇ ಧೈರ್ಯ: ಸಾಲಿನ ತುದಿಗೆ ಕೂತು, ಅಂಗೈ ಅರ್ಧ ಮುಚ್ಚಿ, ಮೇಲೆ ಹೂ ಹೇರಿಬಿಡುವುದು. ಹೂವಿನ ಅಡಿಯಲ್ಲಿ ಯಾರದು ಏನು ಎಂದು ಯಾರು ನೋಡುತ್ತಾರೆ. ಈ ಯೋಚನೆ ಬಂದ ಮೇಲೆ ಸ್ವಲ್ಪ ಉಸಿರಾಡಿದ. ಸಂಕೇಶ್ವರ ದಾಟುವಾಗ ಒಂದು ಹಾಡನ್ನೂ ಗುನುಗಿದ.

ದ್ರಾಕ್ಷಾಯಿಣಿಬಾಯಿ ವಾಡೆಯ ಕಟ್ಟೆಯ ಮೇಲೆ ನಿಂತಿದ್ದಳು, ಒಣಗಿದ ಮೆಣಸಿನಕಾಯಿಯಷ್ಟೇ ತೆಳ್ಳಗೆ, ಅಷ್ಟೇ ಖಾರವಾಗಿ. “ಬರ್ರಿ ಅಳಿಯಂದ್ರ. ಈ ವರ್ಷ ಯಾರೂ ಸಾಯಲಿಲ್ಲೇನ್ರಿ ನಿಮ್ಮ ಕಡೆ?” ಎಂದಳು. ಅವನು ಇಲ್ಲ ಎಂದು ಖೇದದಿಂದ ತಲೆ ಅಲ್ಲಾಡಿಸಿದ. ನೀರು ಕೊಟ್ಟು, ಬೆಲ್ಲ ಕೊಟ್ಟು, ನೇರ ಮರ ತೋರಿಸಲು ಕರೆದುಕೊಂಡು ಹೋದಳು. ಮರ ನೋಡದವರಿಗೆ ಆ ಮನೆಯಲ್ಲಿ ಕೂಡಲು ಚಾಪೆ ಹಾಕುವುದಿಲ್ಲ. ಏಳೂ ಮರಗಳು ಆನೆಗಳ ಬಳಗ ನಿಂತು ಮಾತು ಮರೆತ ಹಾಗಿದ್ದವು. ಮದುವೆಯಾದ ಹೊಸದರಲ್ಲಿ ಇಲ್ಲೇ ನಿಂತು ಅವನು, ಎರಡು ನೂರು ವರ್ಷ ಆಗಿರಬೇಕಲ್ಲ ಎಂದಿದ್ದ. ದ್ರಾಕ್ಷಾಯಿಣಿಬಾಯಿ ಅವತ್ತಿನ ಊಟದಲ್ಲಿ ಅವನಿಗೆ ಎರಡನೆಯ ಹೋಳಿಗೆ ಬಡಿಸಿರಲಿಲ್ಲ. ಅವಳ ಪ್ರಕಾರ ಆಗ ಮರಗಳಿಗೆ ಆರು ನೂರು. ಈಗ ಎಂಟು ನೂರು ಎಂದಳು. ಇಪ್ಪತ್ತಾರು ವರ್ಷದಲ್ಲಿ ಮರಗಳಿಗೆ ಇನ್ನೂರು ವರ್ಷ ವಯಸ್ಸಾದದ್ದನ್ನು ಕಾಶಿನಾಥ ಒಪ್ಪಿಕೊಂಡ. ಅವನಿಗೂ ಹನ್ನೊಂದು ವರ್ಷದಲ್ಲಿ ಅಷ್ಟೇ ಆಗಿತ್ತು.

“ಈ ಸಲ ಇನ್ನೊಂದು ಚಲೋ ಕೆಲಸಾ ಮಾಡೇನ್ರಿ” ಎಂದಳು ದ್ರಾಕ್ಷಾಯಿಣಿಬಾಯಿ, ನಡುವಿನ ಮರದ ನೆರಳಲ್ಲಿ ಹಾಸಿದ ಕಂಬಳಿಯ ಕಡೆ ಕೈ ತೋರಿಸುತ್ತ. ಅಲ್ಲಿ ಒಬ್ಬ ದಪ್ಪನೆಯ ಮುದುಕರು ಕುಳಿತು ಕಲ್ಲಿನ ಮೇಲೆ ಏನೋ ಕಪ್ಪಗಿನದನ್ನು ಅರೆಯುತ್ತಿದ್ದರು. “ನಮ್ಮ ಪ್ರಭಯ್ಯ ಅಯ್ನಾರನ್ನ ಕರಸೇನಿ. ಎಲ್ಲಾರ ಲಿಂಗದ ಕಂತಿ ಸವದಾವು. ಹಳೀದನ್ನ ಕೆರದು ಹೊಸಾ ಕಂತಿ ಕಟ್ಟಿಕೊಡ್ತಾರ. ಬ್ಯಾಸಗಿ ಬಿಸಲಿಗೆ ಲಗೂನ ಆರ್ತೈತಿ ನೋಡ್ರಿ.” ಕಂತಿ ಎಂದರೆ ಲಿಂಗದ ಕಲ್ಲಿನ ಮೇಲಿನ ಕರಿಯ ಲೇಪ. ಅದನ್ನು ಕೆರೆದರೆ ಎಲ್ಲರದರಲ್ಲೂ ಒಳಗೆ ಕಲ್ಲು ಕಾಣುತ್ತದೆ. ಕಾಶಿನಾಥನದರಲ್ಲಿ ಗಜ್ಜುಗ. ಅಯ್ಯನವರ ಕೈಯಲ್ಲಿ ಒಂದು ಸಣ್ಣ ಚಾಕು ಇತ್ತು. ಅವರು ಆಗಲೇ ಯಾರದೋ ಲಿಂಗವನ್ನು ಬೆಳಕಿಗೆ ಹಿಡಿದು, ಆಲೂಗಡ್ಡೆ ಹೆರೆಯುವ ನೆಮ್ಮದಿಯಿಂದ ಕೆರೆಯುತ್ತಿದ್ದರು. ಹೂವಿನ ಉಪಾಯ ಆ ಚಾಕುವಿನ ತುದಿಯಲ್ಲೇ ಸತ್ತಿತು. “ಕೈಕಾಲ ತೊಕ್ಕೊಂಡ ಬರ್ತೀನ್ರಿ” ಎಂದು ಹೇಳಿ, ಬಾವಿಯ ಕಡೆ ಎರಡು ಹೆಜ್ಜೆ ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಏಳನೆಯ ಮರದ ಕಡೆ ಹೊರಳಿದ.

ಏಳನೆಯ ಮರ ಎಲ್ಲಕ್ಕಿಂತ ಹಿಂದೆ, ಬೇಲಿಯ ಹತ್ತಿರ. ಅದರ ಕೆಳಗೆ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ಇಟ್ಟು ನಿಂತಿದ್ದವು. ಕುರುಬರ ಬೀರಸಿದ್ದಪ್ಪ ಕಂಬಳಿ ಹಾಸಿಕೊಂಡು ಕೂತಿದ್ದ. ಆ ತೋಟದಲ್ಲಿ ಬೇಸಿಗೆಗೆ ಕುರಿ ತಂದು ತರುಬಿ ನಿಲ್ಲಿಸುವ ಮನೆತನದವನು. ಮರದ ಬೊಡ್ಡೆಯಲ್ಲಿ ಎದೆಮಟ್ಟದಲ್ಲಿ ಒಂದು ಪೊಟರೆ, ಕೊಡ ಹಿಡಿಸುವಷ್ಟು ಬಾಯಿ, ಒಳಗೆ ಎಷ್ಟು ಆಳವೋ ಕತ್ತಲೆ. “ಏನ ನೋಡಾಕತ್ತೀರಿ ಸಾಹೇಬ್ರ? ಅದಕ್ಕ ತಳಾ ಇಲ್ಲ” ಎಂದ ಬೀರಸಿದ್ದಪ್ಪ. “ನಮ್ಮ ಮುತ್ಯಾನ ಕಾಲದಾಗ ಬಾಯಿ ಇನ್ನೂ ದೊಡ್ಡದಿತ್ತು. ಒಂದ ಕರಾ ಒಳಗ ಹೊಕ್ತು. ಹುಡುಕಿ ಹುಡುಕಿ ಬಿಟ್ರು. ಮೂರ ವರ್ಷಕ್ಕ ಎತ್ತ ಆಗಿ ಹೊರಗ ಬಂತು.” “ಒಳಗ ಏನ್ ತಿಂತೋ ಕಾಕಾ?” “ಅದನ್ನ ನಾವೂ ಕೇಳಿದ್ವಿ. ಹೇಳ್ಲಿಲ್ಲ.” ಬೀರಸಿದ್ದಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಹಿಂದ ಒಬ್ಬ ದೇಸಾಯಿ ಹೆಂಡ್ತಿಗೆ ಅಂಜಿ ಇದರಾಗ ಮೂರ ತಿಂಗಳ ಅಡಗಿ ಕುಂತಿದ್ದ.” “ಊಟ?” “ಹೆಂಡ್ತೀನ ಕಳಸ್ತಿದ್ಲು.” ಆಮೇಲೆ ಅವನು ಕುರಿಗಳಿಗೆ ನೀರಿನ ಕುಂಡ ತುಂಬಬೇಕು ಎಂದು ಎದ್ದು ಹೋದ.

ಕಾಶಿನಾಥ ಪೊಟರೆಯ ಮುಂದೆ ಒಬ್ಬನೇ ಉಳಿದ. ಒಳಗಿನಿಂದ ಹುಳಿಯಾದ, ತಂಪಾದ, ಹಳೆಯ ಪೆಟ್ಟಿಗೆಯ ಗಾಳಿ ಬರುತ್ತಿತ್ತು. ಇಲ್ಲಿ ಬಿದ್ದರೆ ಎಂಬ ಯೋಚನೆ ಬಂದದ್ದು ಆಗ. ಲಾಡ್ಜಿನ ಮೋರಿಯಲ್ಲಿ ಬಿದ್ದದ್ದನ್ನು ಯಾರ ಮುಂದೆ ಹೇಳಲಾದೀತು. ಆದರೆ ಎಂಟು ನೂರು ವರ್ಷದ ಮರ, ದೇಸಾಯರ ತೋಟ, ರವಿವಾರ, ಕೈತೊಳೆದು ಭಕ್ತಿಯಿಂದ ಡಬ್ಬಿ ಬಿಚ್ಚುವಾಗ ಕೈ ಜಾರಿ. ಹೀಗೆ ಕಳೆದುಕೊಂಡವನ ಮೇಲೆ ಯಾರು ಸಿಟ್ಟಾಗುತ್ತಾರೆ. ತಪ್ಪನ್ನು ಮರದ ಮೇಲೆ ಹಾಕಿದರೆ ಮರ ಬೇಡ ಅನ್ನುವುದಿಲ್ಲ. ಹನ್ನೊಂದು ವರ್ಷದ ತಪ್ಪನ್ನು ಇವತ್ತಿನ ತಾರೀಖಿಗೆ ತಂದು ಇಟ್ಟ ಹಾಗೆ ಆಗುತ್ತದೆ. ಡಬ್ಬಿ ಬಿಚ್ಚಿದ. ಗಜ್ಜುಗ ಅರಗಿನ ಅಂಗಿಯಲ್ಲಿ ಕಪ್ಪಗೆ, ನಂಬಿಕೆಯಿಂದ ಅವನನ್ನು ನೋಡಿತು. ಒಂದು ಕ್ಷಣ ಕೆಟ್ಟ ಅನಿಸಿತು. ಇಷ್ಟು ವರ್ಷ ಅದೂ ಪಾಪ ಒಳ್ಳೆಯ ಹೆಸರು ಉಳಿಸಿತ್ತು. ಬಿಟ್ಟ. ಟಕ್, ಟಕ್, ಟಕ್ ಎಂದು ಮೂರು ಕಡೆ ಬಡಿದು ಸದ್ದು ನಿಂತಿತು. ಆಮೇಲೆ ಅವನು, ಕೋರ್ಟಿನಲ್ಲಿ ಸಾಕ್ಷಿಗಳು ಅಳುವುದನ್ನು ಇಪ್ಪತ್ತೆಂಟು ವರ್ಷ ನೋಡಿದ ಅನುಭವದಿಂದ, “ಅಯ್ಯೋ, ಹೋತಲ್ಲೋ” ಎಂದು ಕೂಗಿದ.

ಅವನು ಎಣಿಸಿದ್ದು ಇಷ್ಟು: ಎಲ್ಲರೂ ಬರುತ್ತಾರೆ, ಅಯ್ಯೋ ಎನ್ನುತ್ತಾರೆ, ದ್ರಾಕ್ಷಾಯಿಣಿಬಾಯಿ ಅವನ ಬೆನ್ನು ಸವರುತ್ತಾಳೆ, ಊಟ. ಅವನು ಮರೆತದ್ದು ಆ ಮನೆಯ ಪದ್ಧತಿ. “ಯಾರೂ ಎಲಿ ಮುಂದ ಕುಂಡ್ರಬ್ಯಾಡ್ರಿ” ಎಂದಳು ದ್ರಾಕ್ಷಾಯಿಣಿಬಾಯಿ. “ಬಳಗದಾಗ ಒಬ್ಬಂದು ಲಿಂಗ ಹೋದ್ರ, ಸಿಗೂತನಕ, ಇಲ್ಲಾ ಇನ್ನ ಸಿಗೂದಿಲ್ಲಂತ ಖಾತ್ರಿ ಆಗೂತನಕ, ಈ ಮನ್ಯಾಗ ಪಂಕ್ತಿ ಕುಂಡ್ರಂಗಿಲ್ಲ. ನಮ್ಮ ಮಾವನವರ ಕಾಲದಾಗ ಎರಡ ದಿನಾ ಹಂಗ ಕುಂತೇವಿ.” ಹತ್ತಾರು ಹೊಟ್ಟೆಗಳು ಒಟ್ಟಿಗೆ ಕಾಶಿನಾಥನ ಕಡೆ ನೋಡಿದವು. ಹನ್ನೆರಡೂವರೆ ಆಗಿತ್ತು. ವಾಡೆಯ ಅಡುಗೆಮನೆಯಿಂದ ಹೋಳಿಗೆಯ ತುಪ್ಪದ ವಾಸನೆ ಬಂದು ಯಾರ ಹತ್ತಿರ ಹೋಗಬೇಕೋ ತಿಳಿಯದೆ ಮರಗಳ ನಡುವೆ ಅಡ್ಡಾಡುತ್ತಿತ್ತು. ಬ್ಯಾಟರಿ ಬಿಟ್ಟು ನೋಡಿದರು. ಬಿದಿರಿನ ಕೋಲಿಗೆ ಸೌಟು ಕಟ್ಟಿ ಇಳಿಸಿದರು. ಸೌಟು ಒಳಗೇ ಉಳಿಯಿತು. ಒಬ್ಬರು ಮೊಬೈಲಿಗೆ ದಾರ ಕಟ್ಟಿ ವಿಡಿಯೋ ಮಾಡಲು ಇಳಿಸಿದರು. ಮೇಲೆ ಬಂದ ವಿಡಿಯೋದಲ್ಲಿ ಬರೀ ಕತ್ತಲೆ, ಕೊನೆಗೆ ಒಂದು ಹಲ್ಲಿ. ಡ್ರೈವರ್ ಮಾಲಿಂಗ ಬಂದು, “ಪೈಪ್ ಹಚ್ಚಿ ನೀರ ಬಿಟ್ರ ಹ್ಯಾಂಗ್ರಿ? ತುಂಬಿದ್ರ ಮ್ಯಾಲ ಬರ್ತೈತಿ” ಎಂದ. “ಬ್ಯಾಡ, ನೀರ ಬ್ಯಾಡ” ಎಂದ ಕಾಶಿನಾಥ, ಬೇಕಾದ್ದಕ್ಕಿಂತ ಎರಡು ಪಟ್ಟು ಜೋರಾಗಿ. “ಕಲ್ಲ ತೇಲತೈತೇನೋ ಮಾಲಿಂಗಾ?” ಎಂದರು ಪ್ರಭಯ್ಯ ಅಯ್ಯನವರು. ಎಲ್ಲರೂ ನಕ್ಕರು. ಕಾಶಿನಾಥನೂ ನಕ್ಕ. ಬೆನ್ನಹುರಿಯಲ್ಲಿ ಬೆವರಿನ ಒಂದು ಹನಿ ಮೆಲ್ಲಗೆ, ದಾರಿ ಗೊತ್ತಿದ್ದವರ ಹಾಗೆ, ಇಳಿದು ಹೋಯಿತು.

ಕೊನೆಗೆ ದ್ರಾಕ್ಷಾಯಿಣಿಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಹೇಳಿದಳು: “ಕೊಡ್ಲಿ ತರ್ರಿ. ಬೊಡ್ಡಿ ಬಾಜೂ ಒಡೀರಿ.” ಬೀರಸಿದ್ದಪ್ಪ ಒಬ್ಬನೇ, “ಬಾಯಿಯವರ, ಒಣಗ್ತೈತ್ರಿ ಮರಾ” ಎಂದ. “ಒಣಗ್ಲಿ. ಮರಾ ಇನ್ನೂ ಆರ ಅದಾವು. ಮನಷ್ಯಾನ ಲಿಂಗ ಒಂದ.” ಆದರೆ ಹೇಳುವಾಗ ಅವಳ ಕೈ ಬೊಡ್ಡೆಯ ಮೇಲೆ ಇತ್ತು, ಆ ಕೈ ಅಲ್ಲಿನ ತೊಗಟೆಯ ಒಂದು ಚಕ್ಕೆಯನ್ನು ಕೀಳಲಿಲ್ಲ, ಬಿಚ್ಚಿಕೊಂಡಿದ್ದನ್ನು ಒತ್ತಿ ಕೂರಿಸುತ್ತಿತ್ತು. ಕಾಶಿನಾಥ ಅದನ್ನು ನೋಡಬಾರದಿತ್ತು, ನೋಡಿದ. ಎರಡನೆಯ ಹೋಳಿಗೆ ಬಡಿಸದ ಈ ಮುದುಕಿ, ತನ್ನ ಸುಳ್ಳನ್ನು ನಂಬಿ, ತನಗಾಗಿ ತನ್ನ ಎಂಟು ನೂರು ವರ್ಷ ಕೊಡಲು ನಿಂತಿದ್ದಾಳೆ. ಅಷ್ಟರಲ್ಲಿ ಬೀರಸಿದ್ದಪ್ಪ ಪಕ್ಕಕ್ಕೆ ಬಂದು, ಕುರಿಯ ಬೆಲೆ ಕೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದ: “ಸಾಹೇಬ್ರ, ಅದು ಬಿತ್ತೋ, ಹಾಕಿದ್ರೋ? ನಾ ಕುಂಡದ ಕಡಿಂದ ನೋಡಿದ್ನಿ. ಬೀಳೂದ ಬ್ಯಾರೆ ಇರ್ತೈತ್ರಿ.” ಮಾಲಿಂಗ ಕೊಡಲಿ ತಂದು, ಅಂಗೈಗೆ ಉಗುಳಿಕೊಂಡು, ಎತ್ತಿದ. ಕೊಡಲಿಯ ಅಲಗು ಮೇಲೆ ಹೋಗಿ ಎಲೆಗಳ ನಡುವಿನ ಬಿಸಿಲಿಗೆ ತಾಗಿ ಬಿಳಿಯಾಗಿ ಹೊಳೆಯಿತು. ಆ ಹೊಳಪಿನಲ್ಲಿ ಲಾಡ್ಜಿನ ಬಚ್ಚಲ ಟೈಲ್ಸು ಕಂಡಿತು, ಬೇರೇನೂ ಅಲ್ಲ.

“ತಡಿಯೋ ಮಾಲಿಂಗಾ” ಎಂದ. “ಅತ್ತಿಯವರ, ಮರಾ ಕಡೀಬ್ಯಾಡ್ರಿ. ಅದರಾಗ ಲಿಂಗ ಇಲ್ಲ.”

“ಇಲ್ಲಂದ್ರ? ಈಗರ ಬಿತ್ತಂದ್ರಿ.”

“ಬಿದ್ದದ್ದು ಗಜ್ಜುಗ್ರಿ.”

ದ್ರಾಕ್ಷಾಯಿಣಿಬಾಯಿ ಆ ಶಬ್ದವನ್ನು ಬಾಯಲ್ಲಿ ಹಾಕಿಕೊಂಡು ನೋಡಿದಳು. “ಮತ್ತ ಲಿಂಗ ಎಲ್ಲೈತಿ?”

“ಬೆಳಗಾವಿಯೊಳಗ.”

“ಯಾರ ಕಡೆ?”

“ಯಾರ ಕಡೇನೂ ಇಲ್ರಿ. ಲಾಡ್ಜಿನ ಮೋರಿಯೊಳಗ. ಹನ್ನೊಂದ ವರ್ಷ ಆತು.”

ಅಲ್ಲಿಂದ ಮುಂದೆ ಮಾತು ಅವನು ಆಡಿದ್ದಲ್ಲ, ಅದೇ ಬಂತು, ಕಟ್ಟಿದ ಕಾಲುವೆಯ ಗೇಟು ಎತ್ತಿದ ಹಾಗೆ. ಎಡಗೈ, ತಂಬಿಗೆ, ಕಾಲರ್ ಟ್ಯೂನಿನ ಹುಡುಗಿ, ಮ್ಯಾನೇಜರ, ಅರಗು, ಕಾಡಿಗೆ ಎಲ್ಲ ಹೇಳಿದ. ಜ್ವರಗಳನ್ನು ಹೇಳಿದ, ಸಾಯದ ಕಾಕಾನನ್ನು ಹೇಳಿದ; ಕಾಕಾ ಅಲ್ಲೇ ನಿಂತು ಕೇಳುತ್ತಿದ್ದರು. ಎರಡು ದೋಸೆಯನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಲಕ್ಷ್ಮೀಯ ಕಡೆ ನೋಡಿದ. ಅವಳು ಆ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ. ಆಮೇಲೆ ಒಂದು ಸದ್ದು ಬಂತು. ಅವಳು ನಗುತ್ತಿದ್ದಳು. “ಹನ್ನೊಂದ ವರ್ಷ ಬಾಗಲಾ ಹಾಕ್ಕೊಂಡ ಒಳಗ ಏನ ಮಾಡ್ತಾರಪ್ಪಾ ಅಂತ” ಎಂದಳು, ಉಸಿರು ಸಿಗದೆ. “ನಾ ಏನೇನೋ ತಿಳ್ಕೊಂಡಿದ್ನಿರಿ.” ಏನೇನು ತಿಳಿದುಕೊಂಡಿದ್ದಳು ಎಂದು ಕೇಳುವ ಜಾಗ ಅದಾಗಿರಲಿಲ್ಲ.

ಪ್ರಭಯ್ಯ ಅಯ್ಯನವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು ಬಂದರು. ಅವರ ಬೆರಳುಗಳೆಲ್ಲ ಕಂತಿಯಿಂದ ಕಪ್ಪಾಗಿದ್ದವು. “ಆವಾಗ್ಯಾಕ ಹೇಳಲಿಲ್ಲೋ ತಮ್ಮಾ?” ಎಂದು ಕೇಳಿದರು. “ಅಂಜಿದ್ನಿರಿ ಅಯ್ನಾರ.” “ಯಾರಿಗೆ?” ಕಾಶಿನಾಥ ಅಜ್ಜಿ ಅಕ್ಕವ್ವ ಎನ್ನಲು ಹೋದ. ಅವಳು ತೀರಿಕೊಂಡು ಮೂವತ್ತು ವರ್ಷ ಆಗಿತ್ತು, ಲಾಡ್ಜನ್ನು ಕಂಡವಳೇ ಅಲ್ಲ. ದೇವರಿಗೆ ಎನ್ನಲು ಹೋದ. ಹತ್ತೂವರೆಯ ದೋಸೆ ನೆನಪಾಯಿತು. ಅಯ್ಯನವರು ಕಂಬಳಿಯ ಹತ್ತಿರದ ತಮ್ಮ ಜೋಳಿಗೆ ಎಳೆದು, ಒಂದು ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಹೊಸ ಲಿಂಗಗಳು, ಇಪ್ಪತ್ತಕ್ಕೆ ಕಡಿಮೆ ಇಲ್ಲ, ಕೋಳಿಯ ಅಡಿಯ ಮೊಟ್ಟೆಗಳ ಹಾಗೆ ಒಂದನ್ನೊಂದು ಒತ್ತಿ ಮಲಗಿದ್ದವು. “ತಿಂಗಳಿಗೆ ನಾಕ ಮಂದಿ ಬರ್ತಾರೋ. ನಿಪ್ಪಾಣಿ ಬಾಜೂಕ ಒಬ್ಬಂದು ಎಮ್ಮಿ ನುಂಗಿತ್ತು. ಎಂಟ ದಿನಾ ಎಮ್ಮಿ ಹಿಂದ ಬುಟ್ಟಿ ಹಿಡ್ಕೊಂಡ ಅಡ್ಡಾಡ್ದಾ. ಇನ್ನೊಬ್ಬಾಕಿ ವಾಷಿಂಗ್ ಮಷೀನ್ಯಾಗ ಹಾಕಿ ತಿರವಿದ್ಲು. ಮಷೀನ್ ಹೋತು, ಲಿಂಗಕ್ಕ ಏನೂ ಆಗಿದ್ದಿಲ್ಲ. ನಿಂದೇನ ಬಾಳ ದೊಡ್ಡದಲ್ಲ.” “ಪ್ರಾಯಶ್ಚಿತ್ತ ಏನ್ರಿ ಅಯ್ನಾರ?” ಎಂದು ಕಾಶಿನಾಥ ಕೇಳಿದ. “ಹನ್ನೊಂದ ವರ್ಷ ದಿನಾ ಮುಂಜಾನೆ ಗಜ್ಜುಗ ತೊಳದೀಯಲ್ಲೋ. ಇನ್ನೇನ ಮಾಡಸ್ಲಿ ನಿನ್ನ ಕಡಿಂದ? ಹೋಗಿ ಮೈಮ್ಯಾಲ ನಾಕ ತಂಬಗಿ ನೀರ ಹಾಕ್ಕೊಂಡ ಬಾ. ಮಂದಿ ಹಸದಾರ.”

ಬಾವಿಯ ಕಟ್ಟೆಯ ಮೇಲೆ ತಲೆಗೆ ನೀರು ಸುರಿದುಕೊಳ್ಳುವಾಗ ಅವನಿಗೆ ಸ್ವಲ್ಪ ಅವಮಾನವೂ ಆಯಿತು. ಇಷ್ಟೇ ಆಗಿತ್ತೇ. ಹನ್ನೊಂದು ವರ್ಷ ತಾನು ಹೊತ್ತು ತಿರುಗಿದ್ದು ಒಂದು ಬೆಟ್ಟ ಎಂದುಕೊಂಡಿದ್ದ. ಎಮ್ಮೆಯವನ ನಂತರ, ವಾಷಿಂಗ್ ಮಷೀನಿನವಳ ನಂತರ, ಮೂರನೆಯ ನಂಬರಿಗೂ ಅದು ಬರುತ್ತದೋ ಇಲ್ಲವೋ. ನೀರು ತಣ್ಣಗೆ ಕಿವಿಯ ಹಿಂದಿನಿಂದ ಇಳಿಯಿತು. ಎರಡನೆಯ ತಂಬಿಗೆಗೆ ಅವಮಾನವೂ ಇಳಿಯಿತು. ಮೂರನೆಯದಕ್ಕೆ ಅವನಿಗೆ ಹಸಿವಾಗಿದೆ ಎಂದು ಗೊತ್ತಾಯಿತು. ನಾಲ್ಕನೆಯದನ್ನು ಸುಮ್ಮನೆ, ಚೆನ್ನಾಗಿತ್ತೆಂದು, ಹಾಕಿಕೊಂಡ. ವಾಪಸು ಬರುವಾಗ ದ್ರಾಕ್ಷಾಯಿಣಿಬಾಯಿ ಏಳನೆಯ ಮರದ ಹತ್ತಿರ ಇನ್ನೂ ನಿಂತಿದ್ದಳು. ಅವನು ಕಾಲು ಮುಟ್ಟಲು ಬಗ್ಗಿದ. “ಏಳ್ರಿ, ಏಳ್ರಿ” ಎಂದಳು. “ಒಂಬತ್ತನೂರು ವರ್ಷದ ಮರಕ್ಕ ಕೊಡ್ಲಿ ಹಚ್ಚಸ್ತಿದ್ರಲ್ಲ.” ಒಂದೆರಡು ತಾಸಿನಲ್ಲಿ ಇನ್ನೊಂದು ನೂರು ಸೇರಿದ್ದನ್ನು ಅವನು ಗಮನಿಸಿದ. “ಹೌದ್ರಿ” ಎಂದ. “ಸಾವಿರಕ್ಕ ಕಡಿಮಿ ಇಲ್ರಿ.” ಅವಳು ಬಹಳ ಹೊತ್ತು ಅವನ ಮುಖ ನೋಡಿ, ಮೊದಲ ಸಲ, ಅಳಿಯನನ್ನು ನೋಡುವ ಹಾಗೆ ನೋಡಿದಳು.

ಅಯ್ಯನವರು ಅವನನ್ನು ಎದುರಿಗೆ ಕೂರಿಸಿಕೊಂಡು, ಹಣೆಗೆ ವಿಭೂತಿ ಎಳೆದು, ತಲೆಯ ಮೇಲೆ ಕೈಯಿಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಎಡಗೈಯ ಅಂಗೈಗೆ ಲಿಂಗ ಇಟ್ಟರು. ಅದು ಭಾರವಾಗಿತ್ತು. ಕಲ್ಲು ಎಷ್ಟು ಭಾರ ಇರುತ್ತದೆ ಎಂಬುದನ್ನು ಅವನ ಕೈ ಮರೆತುಬಿಟ್ಟಿತ್ತು. ಸಾಲಿನ ತುದಿಯಲ್ಲಲ್ಲ, ನಡುವೆ, ಲಕ್ಷ್ಮೀಯ ಪಕ್ಕದಲ್ಲಿ ಕೂತ. ಅವನ ಇನ್ನೊಂದು ಕಡೆಗೆ ಸಾಯದ ಕಾಕಾ. ಎಲ್ಲರೂ ಕಣ್ಣು ಮುಚ್ಚಿದರು. ಪ್ರತಿದಿನ ಈ ಹೊತ್ತಿನಲ್ಲಿ ಅವನ ತಲೆಯೊಳಗೆ ಒಂದು ಕೋರ್ಟು ಸೇರುತ್ತಿತ್ತು; ವಾದ, ಪ್ರತಿವಾದ, ಮುಂದಿನ ತಾರೀಖು. ಇವತ್ತು ಕಣ್ಣು ಮುಚ್ಚಿ ಕಾದ. ಯಾರೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ಖಾಲಿ ಬೆಂಚುಗಳು, ಫ್ಯಾನು ತಿರುಗುತ್ತಿತ್ತು. ಮೇಲೆ ಹುಣಸೆಯ ಸಣ್ಣ ಎಲೆಗಳು ಅಲ್ಲಾಡಿ, ರೆಪ್ಪೆಯ ಮೇಲೆ ಬಿಸಿಲಿನ ಚುಕ್ಕೆಗಳು ಬಂದು ಹೋದವು. ದೂರದಲ್ಲಿ ಕುರಿಯೊಂದು ಏನೋ ಹೇಳಿ, ಬೇಡವೆಂದು ಸುಮ್ಮನಾಯಿತು.

ಪೂಜೆ ಮುಗಿದು ಎಲ್ಲರೂ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಇಳಿಸಿಕೊಂಡರು. ಕಾಶಿನಾಥ ಒಬ್ಬ ಏಳಲಿಲ್ಲ. ಬೆನ್ನು ನೆಟ್ಟಗೆ, ಎಡಗೈ ಎದೆಯ ಮುಂದೆ, ಅಂಗೈಯ ಮೇಲೆ ಲಿಂಗ. ಒಂದು ಬೆರಳೂ ಅಲುಗಲಿಲ್ಲ. ಐದು ನಿಮಿಷ ಆಯಿತು, ಹತ್ತು ಆಯಿತು. ಎಲೆ ಹಾಕುತ್ತಿದ್ದವರು ಅವನ ಮುಂದೆ ಬಂದು ಸದ್ದು ಮಾಡದೆ ದಾಟಿದರು. ಬೀರಸಿದ್ದಪ್ಪ ದೂರದಿಂದ ನೋಡಿ ಚಪ್ಪಲಿ ಬಿಟ್ಟ. “ನೋಡ್ರಿ, ಹಿಂಗ ಇರಬೇಕ ಭಕ್ತಿ” ಎಂದಳು ದ್ರಾಕ್ಷಾಯಿಣಿಬಾಯಿ ಪಿಸುದನಿಯಲ್ಲಿ. “ಸಮಾಧಿ ಹತ್ತೇತಿ. ನಮ್ಮ ಮಾವನವರಿಗೂ ಹಿಂಗ ಹತ್ತತಿತ್ತು. ಯಾರೂ ಎಬ್ಬಸಬ್ಯಾಡ್ರಿ.” ಅಯ್ಯನವರು ಕಣ್ಣು ಕಿರಿದು ಮಾಡಿ ಅವನನ್ನು ನೋಡಿ, ಹೋಳಿಗೆಯ ಕಡೆ ತಿರುಗಿದರು. ಲಕ್ಷ್ಮೀ ಮಾತ್ರ ಹತ್ತಿರ ಕೂತಿದ್ದಳು. ಅವನ ಮೂಗಿನಿಂದ ಬರುತ್ತಿದ್ದ, ದುಂಬಿ ಜಂತಿ ಕೊರೆಯುವಂಥ ಆ ಸಣ್ಣ ಸದ್ದನ್ನು ಅವಳು ಇಪ್ಪತ್ತಾರು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ್ದಳು. ಎಲೆಗಳ ಸಂದಿಯಿಂದ ಬಿಸಿಲು ಅವನ ಮುಖದ ಮೇಲೆ ಬಂದಾಗ ಸೆರಗನ್ನು ಅಡ್ಡ ಹಿಡಿದು, ಇನ್ನೊಂದು ಕೈಯನ್ನು ಅವನ ಅಂಗೈಯ ಕೆಳಗೆ, ಮುಟ್ಟೀ ಮುಟ್ಟದ ಹಾಗೆ, ಒಡ್ಡಿಕೊಂಡು ಕೂತಳು.